ಕೊನೆಯ ತಿರುವಿನ ಲೆಕ್ಕ

ಶಾರ್ಟ್ ಟ್ರ್ಯಾಕ್ ಸ್ಕೇಟಿಂಗ್ ಎಂಬ ಆಟವನ್ನು ಎಂದೂ ಕೂತು ನೋಡದವರಿಗೂ ಅದರ ಒಂದು ಓಟ ಗೊತ್ತಿರುತ್ತದೆ. 2002ರ ಫೆಬ್ರವರಿ 16ರಂದು ಅಮೆರಿಕದ ಸಾಲ್ಟ್ ಲೇಕ್ ಸಿಟಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ನಡೆದ ಪುರುಷರ 1000 ಮೀಟರ್ ಫೈನಲ್ ಅದು. ಕಣದಲ್ಲಿ ಐವರಿದ್ದರು: ಅಮೆರಿಕದ ಅಪೊಲೊ ಆಂಟನ್ ಓನೊ, ದಕ್ಷಿಣ ಕೊರಿಯಾದ ಆನ್ ಹ್ಯುನ್‌ಸೂ, ಚೀನಾದ ಲಿ ಜಿಯಾಜುನ್, ಕೆನಡಾದ ಮಾತ್ಯೂ ತುರ್ಕಾತ್, ಆಸ್ಟ್ರೇಲಿಯಾದ ಸ್ಟೀವನ್ ಬ್ರಾಡ್ಬರಿ. ಕೊನೆಯ ಸುತ್ತಿನ ಕೊನೆಯ ತಿರುವಿಗೆ ಬರುವಾಗ ಮೊದಲ ನಾಲ್ವರು ಒಂದೇ ಗುಂಪಾಗಿದ್ದರು. ಬ್ರಾಡ್ಬರಿ ಅವರಿಗಿಂತ ಬಹಳ ಹಿಂದಿದ್ದರು. ಹೊರಗಿನಿಂದ ಓನೊ ಅವರನ್ನು ಹಿಂದಿಕ್ಕಲು ಹೋದ ಲಿ ಮೈಗೆ ಮೈ ತಾಗಿ ಆಯತಪ್ಪಿದರು. ಒಳಗಿನಿಂದ ನುಗ್ಗಿದ ಆನ್ ಜಾರಿಬಿದ್ದರು. ಬೀಳುವಾಗ ಓನೊ, ತುರ್ಕಾತ್ ಇಬ್ಬರನ್ನೂ ಕೆಡವಿದರು. ಬ್ರಾಡ್ಬರಿ ನೆಟ್ಟಗೆ ನಿಂತುಕೊಂಡೇ 1 ನಿಮಿಷ 29.109 ಸೆಕೆಂಡಿನಲ್ಲಿ ಗೆರೆ ದಾಟಿದರು. ಆಸ್ಟ್ರೇಲಿಯಾಕ್ಕೆ ಮಾತ್ರವಲ್ಲ, ಇಡೀ ದಕ್ಷಿಣ ಗೋಳಾರ್ಧಕ್ಕೆ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸಿಕ್ಕ ಮೊದಲ ಚಿನ್ನ ಅದು.

ಅಂದಿನಿಂದ ಈ ಓಟ ಸಾಕ್ಷಿಗೂಡಿನಲ್ಲಿ ನಿಂತೇ ಇದೆ. ಅದೃಷ್ಟ ಇದ್ದರೆ ಹೀಗಿರಬೇಕು ಎನ್ನುವವರು ಅದನ್ನೇ ತೋರಿಸುತ್ತಾರೆ. ಛಲ ಬಿಡದವನಿಗೆ ಕಾಲ ಬರುತ್ತದೆ ಎನ್ನುವವರೂ ಅದನ್ನೇ ತೋರಿಸುತ್ತಾರೆ. ಇದು ಆಟವೇ ಅಲ್ಲ, ಐಸಿನ ಮೇಲಿನ ಲಾಟರಿ ಎಂದು ಮೂಗು ಮುರಿಯುವವರಿಗೂ ಇದೇ ಪುರಾವೆ. ಮೂರನೆಯ ಆರೋಪವನ್ನು ಗಂಭೀರವಾಗಿ ಎತ್ತಿಕೊಳ್ಳಬೇಕು ಅನ್ನಿಸುತ್ತದೆ. ಯಾಕೆಂದರೆ ಒಂದು ಸ್ಪರ್ಧೆಯ ಫಲ ಕೌಶಲದಿಂದ ಬರುತ್ತದೋ ಆಕಸ್ಮಿಕದಿಂದ ಬರುತ್ತದೋ ಎಂಬುದು ಅಭಿರುಚಿಯ ಪ್ರಶ್ನೆಯಲ್ಲ, ದಾಖಲೆ ನೋಡಿ ಉತ್ತರಿಸಬಹುದಾದ ಪ್ರಶ್ನೆ. ಮೂರು ದಶಕಗಳ ಒಲಿಂಪಿಕ್ ದಾಖಲೆಯನ್ನು ಮುಂದಿಟ್ಟುಕೊಂಡು ನೋಡಿದರೆ ನನಗೆ ಕಾಣುವುದು ಇಷ್ಟು: ಈ ಆಟದಲ್ಲಿ ಬೀಳುವುದು ಅನ್ಯಾಯವಲ್ಲ, ಅದು ಸ್ಪರ್ಧಿಗಳು ತಿಳಿದೇ ತೆರುವ ಬೆಲೆ. ಅನ್ಯಾಯ ಎಂಬುದೇನಾದರೂ ಇದ್ದರೆ ಅದು ಬಿದ್ದ ಮೇಲೆ, ಯಾರು ಕೆಡವಿದರು ಎಂದು ತೀರ್ಮಾನಿಸುವ ಮೇಜಿನ ಬಳಿ ಇದೆ. ಜನ ಬೈಯುವುದು ಐಸನ್ನು. ಬೈಯಬೇಕಾದದ್ದು ಆ ಮೇಜನ್ನು.

ಮೊದಲು ಕಣದ ಅಳತೆ ನೋಡೋಣ. ಐಸ್ ಹಾಕಿ ಆಡುವಂಥ, 60 ಮೀಟರ್ ಉದ್ದ 30 ಮೀಟರ್ ಅಗಲದ ಅಂಗಣದೊಳಗೆ 111.12 ಮೀಟರ್ ಸುತ್ತಳತೆಯ ಅಂಡಾಕಾರದ ದಾರಿ. ಗೆರೆ ಎಳೆದ ಓಣಿಗಳಿಲ್ಲ. ತಿರುವುಗಳಲ್ಲಿ ಸಾಲಾಗಿ ಇಟ್ಟ ಕರಿ ಗುಂಡುಗಳೇ ಗಡಿ. 500 ಮೀಟರಿಗೆ ನಾಲ್ಕೂವರೆ ಸುತ್ತು, 1000ಕ್ಕೆ ಒಂಬತ್ತು, 1500ಕ್ಕೆ ಹದಿಮೂರೂವರೆ. 2016ರಲ್ಲಿ ಇದೇ ಸಾಲ್ಟ್ ಲೇಕ್‌ನಲ್ಲಿ ಕೊರಿಯಾದ ಹ್ವಾಂಗ್ ಡೇಹೊನ್ 1000 ಮೀಟರನ್ನು 1 ನಿಮಿಷ 20.875 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಬರೆದರು. ಅಂದರೆ ಸುತ್ತಿಗೆ ಒಂಬತ್ತೇ ಸೆಕೆಂಡು, ಸರಾಸರಿ ವೇಗ ಗಂಟೆಗೆ 44 ಕಿಲೋಮೀಟರಿಗೂ ಹೆಚ್ಚು, ಆ 81 ಸೆಕೆಂಡಿನೊಳಗೆ ಹದಿನೆಂಟು ತಿರುವು. ತಿರುವಿನ ಗುಂಡುಗಳ ಸಾಲಿನ ತ್ರಿಜ್ಯ 8 ಮೀಟರ್. ಸೆಕೆಂಡಿಗೆ 11 ಮೀಟರ್ ವೇಗದಲ್ಲಿ ಅಷ್ಟು ಬಿಗಿಯಾಗಿ ತಿರುಗಿದರೆ ಮೈಮೇಲೆ ಬೀಳುವ ಪಕ್ಕದ ಒತ್ತಡ ಸ್ವಂತ ತೂಕದ ಒಂದೂವರೆ ಪಟ್ಟಾಗುತ್ತದೆ. ಅದನ್ನು ತಡೆದು ನಿಲ್ಲಬೇಕಾದರೆ ದೇಹ ಐಸಿಗೆ ಮೂವತ್ತಮೂರು ಡಿಗ್ರಿಯಷ್ಟು ಹತ್ತಿರ ವಾಲಬೇಕು. ಎಡಗೈ ಬೆರಳು ನೆಲಕ್ಕೆ ತಾಗುತ್ತದೆ, ಅದಕ್ಕೇ ಆ ಕೈಗವಸಿನ ತುದಿಗೆ ಗಟ್ಟಿ ಕವಚ ಅಂಟಿಸಿಕೊಳ್ಳುತ್ತಾರೆ. ಬೂಟಿನಡಿಯ ಅಲಗನ್ನು ಪಾದದ ನಡುವಿಗೆ ಕೂರಿಸದೆ ಎಡಕ್ಕೆ ಸರಿಸುತ್ತಾರೆ, ತಿರುವಿನ ದಿಕ್ಕಿಗೆ ಸ್ವಲ್ಪ ಬಾಗಿಸಿಯೂ ಇರುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೂ ಐಸನ್ನು ಕಚ್ಚಿ ಹಿಡಿಯುವುದು ತೆಳು ಉಕ್ಕಿನ ಒಂದು ಅಂಚು ಮಾತ್ರ. ಮುಂದಿನವರು ಬಿದ್ದರೆ ಒಂದು ಮೀಟರ್ ಹಿಂದೆ ಇರುವವರಿಗೆ ಸಿಗುವ ಸಮಯ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಮನುಷ್ಯನ ಕಣ್ಣು ಕಂಡದ್ದು ಕಾಲಿಗೆ ತಲುಪಲು ಅದರ ಎರಡು ಪಟ್ಟು ಬೇಕು. ಗುಂಪಿನೊಳಗೆ ಇದ್ದುಕೊಂಡು ಬೇರೆಯವರ ಬೀಳುವಿಕೆಯಿಂದ ತಪ್ಪಿಸಿಕೊಳ್ಳುವುದು ಎಷ್ಟು ಚುರುಕಾದ ಸ್ಕೇಟರಿಗೂ ಆಗದ ಮಾತು.

ಇಷ್ಟು ಓದಿದರೆ ಲಾಟರಿ ಎಂಬ ಆರೋಪ ಗಟ್ಟಿಯಾದಂತೆಯೇ ಕಾಣುತ್ತದೆ. ಆದರೆ ಇದೇ ಅಳತೆಗಳಲ್ಲಿ ಅದರ ಉತ್ತರವೂ ಇದೆ. ಬೇರೆಯವರಿಗಿಂತ ಒಂದು ಮೀಟರ್ ಹೊರಗೆ ತಿರುಗಿದವರು ಒಂದೊಂದು ತಿರುವಿಗೂ ಮೂರು ಮೀಟರಿಗಿಂತ ಹೆಚ್ಚು ದೂರ ಸವೆಸಬೇಕು. ಹಾಗಾಗಿ ಹೊರಗಿನಿಂದ ಹಿಂದಿಕ್ಕುವುದಕ್ಕೆ ಕಾಲಿನ ಬಲ ಬೇಕು, ಒಳಗಿನಿಂದ ಹಿಂದಿಕ್ಕುವುದಕ್ಕೆ ಸಂದು ಬೇಕು. ಮುಂದಿರುವವರು ಗಾಳಿಯನ್ನು ಸೀಳಿಕೊಂಡು ಬೇಗ ದಣಿಯುತ್ತಾರೆ. ಹಿಂದಿರುವವರು ಬಲ ಉಳಿಸುತ್ತಾರೆ, ಆದರೆ ಮುಂದಿನವರ ತಪ್ಪಿಗೆ ಒತ್ತೆಯಾಗುತ್ತಾರೆ. ಮುಂದಿದ್ದರೆ ದಣಿವು, ನಡುವಿದ್ದರೆ ಡಿಕ್ಕಿ, ತುಂಬ ಹಿಂದಿದ್ದರೆ ಸೋಲು. ಯಾವ ಸುತ್ತಿನಲ್ಲಿ ಯಾವ ಅಪಾಯವನ್ನು ಎಷ್ಟು ಹೊತ್ತು ಹೊರುವುದು ಎಂಬ ತೀರ್ಮಾನವೇ ಇಲ್ಲಿ ಅರ್ಧ ಕೌಶಲ. ಬೀಳುವ ಸಾಧ್ಯತೆ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ನಿಂತ ಜಾಗಕ್ಕೆ ತಕ್ಕಂತೆ ಅದು ಹೆಚ್ಚುಕಡಿಮೆಯಾಗುತ್ತದೆ, ಆ ಜಾಗವನ್ನು ಆರಿಸಿಕೊಳ್ಳುವವರು ಸ್ಕೇಟರುಗಳೇ.

ಅಂಕಿಗಳು ಏನು ಹೇಳುತ್ತವೆ? ಪುರುಷರ 1000 ಮೀಟರ್ ಒಲಿಂಪಿಕ್ಸ್‌ನಲ್ಲಿ ಪದಕದ ಸ್ಪರ್ಧೆಯಾದದ್ದು 1992ರ ಆಲ್ಬರ್ಟ್‌ವಿಲ್‌ನಲ್ಲಿ. ಅಂದಿನಿಂದ 2022ರ ಬೀಜಿಂಗ್‌ವರೆಗೆ ಒಂಬತ್ತು ಫೈನಲ್‌ಗಳು. 1992 ಮತ್ತು 1994ರಲ್ಲಿ ಕೊರಿಯಾದ ಕಿಮ್ ಕಿಹೂನ್ ಸತತ ಎರಡು ಸಲ ಗೆದ್ದರು. 1998ರ ನಾಗಾನೊದಲ್ಲಿ ಕೊರಿಯಾದ ಕಿಮ್ ಡಾಂಗ್‌ಸಂಗ್ ಕೊನೆಯ ಗಳಿಗೆಯಲ್ಲಿ ಕಾಲು ಮುಂದೆ ಚಾಚಿ ಲಿ ಜಿಯಾಜುನ್ ಅವರ ಕೈಯಿಂದ ಚಿನ್ನ ಕಿತ್ತುಕೊಂಡರು. 2006ರ ಟ್ಯುರಿನ್‌ನಲ್ಲಿ ಗೆದ್ದವರು, ನಾಲ್ಕು ವರ್ಷದ ಹಿಂದೆ ಸಾಲ್ಟ್ ಲೇಕ್‌ನ ಕೊನೆಯ ತಿರುವಿನಲ್ಲಿ ಬಿದ್ದಿದ್ದ ಆನ್ ಹ್ಯುನ್‌ಸೂ. 2010ರ ವ್ಯಾಂಕೂವರ್‌ನಲ್ಲಿ ಲೀ ಜಂಗ್‌ಸು. 2014ರ ಸೋಚಿಯಲ್ಲಿ ಮತ್ತೆ ಅದೇ ಆನ್. ಗಾಯ ಮತ್ತು ಆಯ್ಕೆಯ ಜಗಳಗಳ ನಂತರ ರಷ್ಯಾದ ಪೌರತ್ವ ಪಡೆದು, ವಿಕ್ಟರ್ ಆನ್ ಎಂಬ ಹೆಸರಿನಲ್ಲಿ. ಅಂದರೆ ಒಂಬತ್ತರಲ್ಲಿ ಆರು ಚಿನ್ನ ಕೊರಿಯಾದ ತರಬೇತಿಯಲ್ಲಿ ಬೆಳೆದವರಿಗೆ. ಆನ್ ಒಬ್ಬರೇ ಎರಡು ದೇಶಗಳ ಪರವಾಗಿ ಆರು ಒಲಿಂಪಿಕ್ ಚಿನ್ನ, ಎರಡು ಕಂಚು ಗೆದ್ದಿದ್ದಾರೆ. ಲಾಟರಿಯ ಚೀಟಿ ಇಷ್ಟು ಸಲ ಒಂದೇ ಮನೆಯ ಹೆಸರಿಗೆ ಏಳುವುದಿಲ್ಲ.

ಆದರೆ ಇದೇ ಪಟ್ಟಿಯನ್ನು ತಲೆಕೆಳಗು ಮಾಡಿಯೂ ಓದಬಹುದು, ಪ್ರಾಮಾಣಿಕನಾದ ಆಕ್ಷೇಪಕ ಓದಿಯೇ ಓದುತ್ತಾನೆ. ಕೊರಿಯಾದ ಗರಡಿಯವರು ಗೆಲ್ಲದ ಮೂರು ಫೈನಲ್‌ಗಳು ಯಾವುವು? 2002, 2018, 2022. ಮೊದಲನೆಯದರಲ್ಲಿ ನಾಲ್ವರು ಬಿದ್ದರು. 2018ರ ಪ್ಯೊಂಗ್‌ಚಾಂಗ್‌ನಲ್ಲಿ ಆತಿಥೇಯರ ಇಬ್ಬರು ಸ್ಕೇಟರುಗಳೂ ಹಂಗೇರಿಯ ಲಿಯು ಶಾವೊಲಿನ್ ಶಾಂದೊರ್ ಅವರೂ ಒಟ್ಟಿಗೆ ಉರುಳಿದರು, ಮುಂದೆ ಇದ್ದ ಕೆನಡಾದ ಸ್ಯಾಮುಯೆಲ್ ಜಿರಾರ್ ಗೆದ್ದರು. 2022ರಲ್ಲಿ ಮೊದಲು ಗೆರೆ ದಾಟಿದವರನ್ನು ಶಿಕ್ಷಿಸಿ ಎರಡನೆಯವರಾದ ಚೀನಾದ ರೆನ್ ಝಿವೈ ಅವರಿಗೆ ಚಿನ್ನ ಕೊಡಲಾಯಿತು. ಹಾಗಾದರೆ ಕೌಶಲ ಗೆಲ್ಲುವುದು ಆಕಸ್ಮಿಕ ಅಡ್ಡ ಬರದಿದ್ದಾಗ ಮಾತ್ರ ಎಂದಾಗಲಿಲ್ಲವೇ? ಭಾಗಶಃ ಹೌದು. ಮೂರರಲ್ಲಿ ಒಂದು ಪಾಲು ಫೈನಲ್‌ಗಳನ್ನು ವೇಗವಲ್ಲದ ಯಾವುದೋ ತೀರ್ಮಾನಿಸಿದೆ ಎಂದು ಒಪ್ಪಿಕೊಳ್ಳದೆ ಈ ಆಟವನ್ನು ಸಮರ್ಥಿಸಲಾಗದು. ಆದರೆ ಆ ಮೂರೂ ಒಂದೇ ಜಾತಿಯವಲ್ಲ. ಜಿರಾರ್ ಡಿಕ್ಕಿಯ ಹೊತ್ತಿಗೆ ಮುಂದಿದ್ದರು. ಹಿಂದಿನವರು ಬೀಳದಿದ್ದರೂ ಅವರನ್ನು ದಾಟಬೇಕಿತ್ತು. ಬ್ರಾಡ್ಬರಿ ಬೇಕೆಂದೇ ಹಿಂದಿದ್ದರು. ಬೀಜಿಂಗ್‌ನದು ಬಿದ್ದದ್ದರ ಕಥೆಯೇ ಅಲ್ಲ, ತೀರ್ಪಿನ ಕಥೆ.

ಬ್ರಾಡ್ಬರಿಯವರ ವಿಷಯವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಯಾಕೆಂದರೆ ಅದೃಷ್ಟವಾದಿಗಳ ಕೋಟೆ ನಿಂತಿರುವುದೇ ಅಲ್ಲಿ. ಕ್ವಾರ್ಟರ್ ಫೈನಲ್‌ನಲ್ಲಿ ಅವರು ಓನೊ ಮತ್ತು ಕೆನಡಾದ ಮಾರ್ಕ್ ಗ್ಯಾನ್ಯೊ ಅವರ ಹಿಂದೆ ಮೂರನೆಯವರಾದರು. ಮುಂದಕ್ಕೆ ಹೋಗುವವರು ಇಬ್ಬರೇ. ಗ್ಯಾನ್ಯೊ ಅನರ್ಹರಾದದ್ದರಿಂದ ಬ್ರಾಡ್ಬರಿ ಒಳಬಂದರು. ಸೆಮಿಫೈನಲ್‌ನಲ್ಲಿ ಕಿಮ್ ಡಾಂಗ್‌ಸಂಗ್, ಲಿ, ತುರ್ಕಾತ್ ಬಿದ್ದರು, ಜಪಾನಿನ ಸತೋರು ತೆರಾವೊ ಅನರ್ಹರಾದರು, ಬ್ರಾಡ್ಬರಿ ಮೊದಲಿಗರಾದರು. ಫೈನಲ್‌ನ ಕಥೆ ಮೇಲೆಯೇ ಬಂತು. ಮೂರು ಸುತ್ತಿನಲ್ಲೂ ಬೇರೆಯವರ ಅನಾಹುತವೇ ಅವರನ್ನು ಮುಂದಕ್ಕೆ ತಳ್ಳಿತು ಎಂಬುದು ನಿಜ. ಆದರೆ ಅವರು ಅಲ್ಲಿ ಹಿಂದೆ ಉಳಿದದ್ದು ಕೇವಲ ನಿಧಾನದಿಂದ ಅಲ್ಲ. ಒಂದೇ ಸಂಜೆ ಸುತ್ತಿನ ಮೇಲೆ ಸುತ್ತು ಓಡಿ ದಣಿದ ಕಾಲುಗಳಿಂದ ತನಗಿಂತ ಕಿರಿಯರೂ ವೇಗಿಗಳೂ ಆದ ನಾಲ್ವರ ಜೊತೆ ಗುದ್ದಾಡಿದರೆ ಐದನೆಯ ಸ್ಥಾನ ಖಚಿತ, ದೂರ ನಿಂತರೆ ಅವರಲ್ಲಿ ಯಾರಾದರೂ ಬಿದ್ದಾಗ ಪದಕವೊಂದು ಸಿಗಬಹುದು ಎಂಬ ಲೆಕ್ಕ ಅವರದಾಗಿತ್ತು, ಅದನ್ನು ಅವರೇ ಬಹಿರಂಗವಾಗಿ ಹೇಳಿದ್ದಾರೆ. ಒಬ್ಬರೋ ಇಬ್ಬರೋ ಬೀಳಬಹುದು ಎಂದುಕೊಂಡಿದ್ದರು. ನಾಲ್ವರೂ ಬಿದ್ದದ್ದು ಲೆಕ್ಕದಾಚೆಯ ಲಾಭ. ಆ ಲೆಕ್ಕ ಎಲ್ಲಿಂದ ಬಂತು? 1994ರಲ್ಲಿ ಮಾಂಟ್ರಿಯಲ್‌ನ ವಿಶ್ವಕಪ್ ಕೂಟದಲ್ಲಿ ಇನ್ನೊಬ್ಬರ ಅಲಗು ತೊಡೆಗೆ ಹೊಕ್ಕು, ದೇಹದ ಬಹುಪಾಲು ರಕ್ತ ಹರಿದುಹೋಗಿ, 111 ಹೊಲಿಗೆ ಹಾಕಿಸಿಕೊಂಡ ಅನುಭವದಿಂದ. 2000ದಲ್ಲಿ ಅಭ್ಯಾಸದ ವೇಳೆ ಕುತ್ತಿಗೆಯ ಮೂಳೆ ಮುರಿದುಕೊಂಡದ್ದರಿಂದ. 1994ರಲ್ಲೇ ಆಸ್ಟ್ರೇಲಿಯಾದ ರಿಲೇ ತಂಡದಲ್ಲಿದ್ದು ಆ ದೇಶದ ಮೊದಲ ಚಳಿಗಾಲದ ಒಲಿಂಪಿಕ್ ಪದಕ ಗೆದ್ದವರಲ್ಲಿ ಒಬ್ಬರು ಅವರು. ಸ್ಕೇಟಿಂಗ್ ಬೂಟುಗಳನ್ನು ತಯಾರಿಸಿ ಮಾರುತ್ತಿದ್ದರು ಕೂಡ; ಆ ರಾತ್ರಿ ಬಿದ್ದು ಬೆಳ್ಳಿಗೆ ತೃಪ್ತರಾದ ಓನೊ ತೊಟ್ಟಿದ್ದು ಅವರೇ ಕೊಟ್ಟ ಬೂಟು. ಈ ಆಟ ಹೇಗೆ ಮುರಿಯುತ್ತದೆ ಎಂದು ಅವರಷ್ಟು ಹತ್ತಿರದಿಂದ ಬಲ್ಲವರು ಕಡಿಮೆ. ನಾಲ್ವರು ಬಿದ್ದದ್ದು ಅದೃಷ್ಟ. ಆಗ ನಿಂತಿರುವ ಐದನೆಯವರಾಗಿ ಅಲ್ಲಿದ್ದದ್ದು ಅದೃಷ್ಟವಲ್ಲ.

ಇಷ್ಟಕ್ಕೂ ಇದು ಹೊಸ ಸಂಗತಿಯೇನಲ್ಲ. 1994ರ 1000 ಮೀಟರ್ ಫೈನಲ್‌ನಲ್ಲಿ ಬ್ರಿಟನ್ನಿನ ಸ್ಪರ್ಧಿ ಅನರ್ಹರಾದರು, ಅವರಿಗೆ ಸಿಕ್ಕು ಬಿದ್ದ ಕೆನಡಾದ ಸ್ಪರ್ಧಿ ಓಟ ಪೂರೈಸಲಿಲ್ಲ. ಕಂಚು ಹೋದದ್ದು ಫೈನಲ್ಲಿನಲ್ಲೇ ಇಲ್ಲದ, ಸೋತವರ ಬಿ ಫೈನಲ್ ಗೆದ್ದಿದ್ದ ಮಾರ್ಕ್ ಗ್ಯಾನ್ಯೊ ಅವರಿಗೆ. ಬಿದ್ದವರು ಎದ್ದು, ನಡೆದಾದರೂ ಗೆರೆ ದಾಟಿದ್ದರೆ ಕಂಚು ಅವರದಾಗುತ್ತಿತ್ತು.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ. ಒಂದು ಓಟದಲ್ಲಿ ಅದೃಷ್ಟ ಆಡಿದರೂ ಇಡೀ ವೃತ್ತಿಜೀವನದಲ್ಲಿ ಅದು ಸರಿದೂಗುತ್ತದೆ ಎಂದು ಆನ್ ಅವರ ಆರು ಚಿನ್ನ ತೋರಿಸಿ ವಾದಿಸಬಹುದು. ಆದರೆ ಬ್ರಿಟನ್ನಿನ ಎಲಿಸ್ ಕ್ರಿಸ್ಟಿ ಅವರನ್ನು ಏನು ಮಾಡೋಣ? ಮಹಿಳೆಯರ ಸ್ಪರ್ಧೆಯ ಉದಾಹರಣೆಯಾದರೂ ನಿಯಮ ಒಂದೇ ಆದ್ದರಿಂದ ಅದು ಇಲ್ಲಿ ಸಲ್ಲುತ್ತದೆ. 2017ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ವಿಶ್ವ ಚಾಂಪಿಯನ್ ಆದ ಅವರು 2014ರ ಸೋಚಿಯಲ್ಲಿ ಮೂರು ಸ್ಪರ್ಧೆಗಳಲ್ಲೂ ಶಿಕ್ಷೆಗೊಳಗಾದರು. 2018ರಲ್ಲಿ ಎರಡರಲ್ಲಿ ಬಿದ್ದರು, ಮೂರನೆಯದರಲ್ಲಿ ಮತ್ತೆ ಅನರ್ಹರಾದರು. ಒಲಿಂಪಿಕ್ ಪದಕ ಒಂದೂ ಇಲ್ಲ. ವರ್ಷವರ್ಷವೂ ನಡೆಯುವ ಕೂಟಗಳಲ್ಲಿ ಸರಿದೂಗುವ ಅದೃಷ್ಟ ನಾಲ್ಕು ವರ್ಷಕ್ಕೊಮ್ಮೆ ಬರುವ ಒಂದೂವರೆ ನಿಮಿಷದಲ್ಲಿ ಸರಿದೂಗುವುದಿಲ್ಲ. ಈ ಆಕ್ಷೇಪಕ್ಕೆ ಪೂರ್ಣ ಉತ್ತರ ಇಲ್ಲ, ಇದೆಯೆಂದು ನಟಿಸಬೇಕಾಗಿಯೂ ಇಲ್ಲ. ಆದರೆ ಅದು ಕೊರೆಯುತ್ತಿರುವುದು ಶಾರ್ಟ್ ಟ್ರ್ಯಾಕನ್ನಲ್ಲ, ನಾಲ್ಕು ವರ್ಷದ ಬದುಕನ್ನು ಒಂದು ಸಂಜೆಗೆ ಕಟ್ಟುವ ಒಲಿಂಪಿಕ್ ಪದ್ಧತಿಯನ್ನು. ಅಲ್ಲದೆ ಕ್ರಿಸ್ಟಿಯವರ ಆರು ನಷ್ಟಗಳಲ್ಲಿ ನಾಲ್ಕು ಬಂದದ್ದು ರೆಫರಿಗಳ ತೀರ್ಪಿನಿಂದ ಎಂಬುದನ್ನೂ ಗಮನಿಸಬೇಕು.

ಹಾಗಾದರೆ ಗಡಿಯಾರಕ್ಕೇ ಒಪ್ಪಿಸಿಬಿಟ್ಟರೆ? ಉದ್ದದ ಟ್ರ್ಯಾಕಿನ ಸ್ಪೀಡ್ ಸ್ಕೇಟಿಂಗ್ ಮಾಡುವುದು ಅದನ್ನೇ: 400 ಮೀಟರ್ ಸುತ್ತಿನಲ್ಲಿ ಇಬ್ಬಿಬ್ಬರು, ತಮ್ಮ ತಮ್ಮ ಓಣಿಯಲ್ಲಿ, ಸಮಯದ ವಿರುದ್ಧ. ನಮ್ಮ ಕರಾವಳಿಯ ಜೋಡುಕರೆ ಕಂಬಳದ ಹಾಗೆ, ಪಕ್ಕದ ಕರೆಯ ಕೋಣಗಳು ಎಷ್ಟೇ ಅಬ್ಬರಿಸಿದರೂ ಈ ಕರೆಯ ನೀರಿಗೆ ಕಾಲಿಡುವಂತಿಲ್ಲ. ನ್ಯಾಯ ನಿಚ್ಚಳ, ವಿವಾದ ಕಡಿಮೆ. ಆದರೆ ಶಾರ್ಟ್ ಟ್ರ್ಯಾಕ್ ಹುಟ್ಟಿದ್ದೇ ಈ ನಿಚ್ಚಳತೆಗೆ ಎದುರಾಗಿ. ಎಲ್ಲರೂ ಒಟ್ಟಿಗೆ ಹೊರಡುವ ಪದ್ಧತಿ ಉತ್ತರ ಅಮೆರಿಕದ್ದು. 1932ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನಲ್ಲಿ ಅಮೆರಿಕನ್ನರು ಯುರೋಪಿನ ಜೋಡಿ ಓಟವನ್ನು ಬಿಟ್ಟು ಇದನ್ನೇ ಇಟ್ಟಾಗ ಫಿನ್ಲೆಂಡಿನ ಮಹಾನ್ ಸ್ಕೇಟರ್ ಕ್ಲಾಸ್ ತುನ್‌ಬೆರ್ಗ್ ಬರಲೇ ಇಲ್ಲ. ನಾಲ್ಕು ಚಿನ್ನಗಳನ್ನೂ ಅಮೆರಿಕದ ಜ್ಯಾಕ್ ಶೇ, ಇರ್ವಿಂಗ್ ಜ್ಯಾಫಿ ಇಬ್ಬರೇ ಹಂಚಿಕೊಂಡರು. ನೂಕುನುಗ್ಗಲಿನ ಓಟ ಬೇರೆಯದೇ ಕೌಶಲ ಕೇಳುತ್ತದೆ, ಗಡಿಯಾರದ ಮುಂದೆ ಗೆದ್ದವರು ಇಲ್ಲಿಯೂ ಗೆಲ್ಲಬೇಕೆಂದಿಲ್ಲ ಎಂದು ಅಂದೇ ಗೊತ್ತಾಗಿತ್ತು. 1967ರಲ್ಲಿ ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಶಾರ್ಟ್ ಟ್ರ್ಯಾಕನ್ನು ಅಂಗೀಕರಿಸಿತು, 1981ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಬಂತು, 1988ರ ಕ್ಯಾಲ್ಗರಿಯಲ್ಲಿ ಪ್ರದರ್ಶನ ಸ್ಪರ್ಧೆಯಾಗಿ ಒಲಿಂಪಿಕ್ಸ್ ಸೇರಿತು. ಗಡಿಯಾರಕ್ಕೆ ಒಪ್ಪಿಸಿದರೆ ಈ ಬೇರೆ ಕೌಶಲ ಇಲ್ಲವಾಗುತ್ತದೆ, ಉಳಿಯುವುದು ಇಕ್ಕಟ್ಟಾದ ಜಾಗದ ಉದ್ದದ ಟ್ರ್ಯಾಕ್. ಬ್ರಾಡ್ಬರಿಯವರ ಸಮಯ ಹ್ವಾಂಗ್ ಅವರ ದಾಖಲೆಗಿಂತ ಎಂಟು ಸೆಕೆಂಡು ಹಿಂದೆ, ಅಂದರೆ ಹೆಚ್ಚುಕಡಿಮೆ ಒಂದು ಸುತ್ತು ಹಿಂದೆ. ಬೀಜಿಂಗ್‌ನಲ್ಲಿ ಯಾರೂ ಬೀಳಿಸದ ರೆನ್ ಅವರ ಸಮಯವೂ ದಾಖಲೆಗಿಂತ ಐದಾರು ಸೆಕೆಂಡು ಹಿಂದೆಯೇ ಇತ್ತು. ಒಲಿಂಪಿಕ್ ಫೈನಲ್‌ಗಳು ವೇಗದ ಪರೀಕ್ಷೆಯಾಗಿ ಎಂದೂ ನಡೆದಿಲ್ಲ. ಅವು ಸ್ಥಾನದ ಪರೀಕ್ಷೆ.

ಸ್ಥಾನಕ್ಕಾಗಿ ಹೋರಾಟ ಎಂದಮೇಲೆ ಮೈ ತಾಗುತ್ತದೆ. ಮೈ ತಾಗಿತೆಂದರೆ ಯಾರ ತಪ್ಪು ಎಂದು ಯಾರೋ ಹೇಳಬೇಕು. ನಿಯಮ ಕೇಳಲು ಸರಳ. ಹಿಂದಿಕ್ಕುವುದಕ್ಕೆ ಯಾವಾಗಲೂ ಅವಕಾಶ ಇದೆ. ಡಿಕ್ಕಿಯಾದರೆ ಹೊಣೆ ಹಿಂದಿಕ್ಕಲು ಬಂದವರದು, ಮುಂದಿರುವವರು ಅಕ್ರಮವಾಗಿ ಅಡ್ಡ ಬರದಿದ್ದರೆ. ಇಡೀ ಆಟದ ಜಗಳ ತುಂಬಿರುವುದು ಆ 'ಅಡ್ಡ ಬರದಿದ್ದರೆ' ಎಂಬಲ್ಲಿ. ಸಾಲ್ಟ್ ಲೇಕ್‌ನ 1000 ಮೀಟರ್ ಮುಗಿದು ನಾಲ್ಕೇ ದಿನಕ್ಕೆ, ಫೆಬ್ರವರಿ 20ರಂದು, 1500 ಮೀಟರ್ ಫೈನಲ್‌ನಲ್ಲಿ ಕಿಮ್ ಡಾಂಗ್‌ಸಂಗ್ ಮೊದಲು ಗೆರೆ ದಾಟಿದರು. ಕೊನೆಯ ಸುತ್ತಿನಲ್ಲಿ ಒಳಗಿನಿಂದ ಬರಲು ನೋಡಿದ ಓನೊ ಎರಡೂ ಕೈ ಮೇಲೆತ್ತಿ ತಡೆಯುಂಟಾಯಿತೆಂದು ತೋರಿಸಿದ್ದರು. ಕಿಮ್ ಧ್ವಜ ಹಿಡಿದು ಸಂಭ್ರಮಿಸುತ್ತಿದ್ದಾಗಲೇ ಅನರ್ಹತೆಯ ಘೋಷಣೆ ಬಂತು. ಚಿನ್ನ ಓನೊ ಅವರಿಗೆ ಹೋಯಿತು. ಕೊರಿಯಾ ಉರಿದೆದ್ದಿತು. ಅಮೆರಿಕದ ಒಲಿಂಪಿಕ್ ಸಮಿತಿಗೆ ಸಾವಿರಾರು ಬೈಗುಳದ ಇಮೇಲ್‌ಗಳು ಬಂದು ಬಿದ್ದವು. ಆ ಜೂನ್‌ನಲ್ಲಿ ಡೇಗುವಿನಲ್ಲಿ ನಡೆದ ಫುಟ್‌ಬಾಲ್ ವಿಶ್ವಕಪ್ ಪಂದ್ಯದಲ್ಲಿ ಅಮೆರಿಕದ ವಿರುದ್ಧ ಗೋಲು ಹೊಡೆದ ಆನ್ ಜಂಗ್‌ಹ್ವಾನ್ ಮೈದಾನದ ಅಂಚಿನಲ್ಲಿ ಸ್ಕೇಟಿಂಗ್ ಮಾಡುವಂತೆ ಅಭಿನಯಿಸಿ ಕುಣಿದರು. ಐಸಿನ ಮೇಲಿನ ತೀರ್ಪೊಂದು ಫುಟ್‌ಬಾಲ್ ಮೈದಾನದವರೆಗೆ ನಡೆದುಬಂದಿತ್ತು. ಕೊರಿಯಾ ಕ್ರೀಡಾ ಪಂಚಾಯ್ತಿ ನ್ಯಾಯಾಲಯಕ್ಕೂ ಹೋಯಿತು. ಪಕ್ಷಪಾತವೋ ದುರುದ್ದೇಶವೋ ಸಾಬೀತಾಗದ ಹೊರತು ಕಣದೊಳಗಿನ ತೀರ್ಪನ್ನು ನಾವು ಮುಟ್ಟುವುದಿಲ್ಲ ಎಂಬುದು ಆ ನ್ಯಾಯಾಲಯದ ನಿಲುವು, ಅರ್ಜಿ ಬಿತ್ತು. ಆ ನಿಲುವು ಸರಿಯಾದದ್ದೇ, ಇಲ್ಲದಿದ್ದರೆ ಪ್ರತಿ ಪದಕವೂ ವಕೀಲರ ಕೈಗೆ ಹೋಗುತ್ತದೆ. ಆದರೆ ಹೊರಗಿನ ಕದ ಮುಚ್ಚಿದಷ್ಟೂ ಒಳಗಿನ ತೀರ್ಪು ಹೆಚ್ಚು ಪಾರದರ್ಶಕವಾಗಿರಬೇಕಲ್ಲವೇ?

ಕ್ಯಾಮೆರಾ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಆಗ ಇತ್ತು. ನಂತರದ ವರ್ಷಗಳಲ್ಲಿ ವಿಡಿಯೊ ಪರಿಶೀಲನೆ ಆಟದ ಅಂಗವೇ ಆಯಿತು. ಆದರೂ 2022ರ ಫೆಬ್ರವರಿ 7ರಂದು ಬೀಜಿಂಗ್‌ನಲ್ಲಿ ಆದದ್ದು ಸಾಲ್ಟ್ ಲೇಕ್‌ಗಿಂತ ಕಡಿಮೆ ಕಹಿಯದಲ್ಲ. 1000 ಮೀಟರ್ ಸೆಮಿಫೈನಲ್‌ಗಳಲ್ಲಿ ಕೊರಿಯಾದ ಹ್ವಾಂಗ್ ಡೇಹೊನ್, ಲೀ ಜೂನ್‌ಸೊ ಇಬ್ಬರೂ ಗೆರೆ ದಾಟಿ ಅರ್ಹತೆ ಗಳಿಸಿದ ಮೇಲೆ ಶಿಕ್ಷೆಗೊಳಗಾದರು. ಅವರು ಬಿಟ್ಟ ಜಾಗದಲ್ಲಿ ಆತಿಥೇಯ ಚೀನಾದ ಸ್ಕೇಟರುಗಳು ಮುಂದೆ ಹೋದರು. ಫೈನಲನ್ನು ನಡುವೆ ನಿಲ್ಲಿಸಿ ಮತ್ತೆ ಓಡಿಸಬೇಕಾಯಿತು. ಎರಡನೆಯ ಸಲ ಹಂಗೇರಿಯ ಲಿಯು ಶಾವೊಲಿನ್ ಶಾಂದೊರ್ ಮೊದಲಿಗರಾಗಿ ಗೆರೆ ಮುಟ್ಟಿದರು, ಮುಟ್ಟುವ ಗಳಿಗೆಯಲ್ಲಿ ರೆನ್ ಝಿವೈ ಅವರ ಕೈ ಲಿಯು ಮೈಮೇಲಿತ್ತು. ದೀರ್ಘ ಪರಿಶೀಲನೆಯ ನಂತರ ಲಿಯು ಅವರಿಗೆ ಒಂದೇ ಓಟದಲ್ಲಿ ಎರಡು ತಪ್ಪುಗಳಿಗಾಗಿ ಹಳದಿ ಕಾರ್ಡ್, ಚಿನ್ನ ರೆನ್‌ಗೆ, ಬೆಳ್ಳಿ ಅವರದೇ ದೇಶದ ಲಿ ವೆನ್‌ಲಾಂಗ್‌ಗೆ. ಕ್ಯಾಮೆರಾಗಳು ಎಲ್ಲವನ್ನೂ ನೋಡಿದ್ದವು. ಅವು ಏನಾಯಿತು ಎಂದು ತೋರಿಸಿದವೇ ಹೊರತು ಯಾರು ಹೊಣೆ ಎಂದು ತೋರಿಸಲಿಲ್ಲ, ತೋರಿಸಲಾರವು. ಯಾವ ದಾರಿಯ ಮೇಲೆ ಯಾರಿಗೆ ಹಕ್ಕಿತ್ತು ಎಂಬುದು ಚಿತ್ರದಲ್ಲಿ ಇರುವ ವಸ್ತುವಲ್ಲ, ಚಿತ್ರವನ್ನು ನೋಡುವ ತತ್ತ್ವ.

ಬೀಜಿಂಗ್‌ನದು ಆತಿಥೇಯರಿಗೆ ಒಲಿದ ಪಿತೂರಿ ಎನ್ನುವವರಿಗೆ ಎರಡು ಮಾತು. ಒಂದು, ಪಿತೂರಿಗೆ ಪುರಾವೆ ಬಂದಿಲ್ಲ; ದಾಖಲೆಯಲ್ಲಿ ಇರುವುದು ಕಟ್ಟುನಿಟ್ಟಾದ ನಿಯಮಗಳು ಮತ್ತು ಅವುಗಳ ಅನ್ವಯದ ಬಗ್ಗೆ ತಿರಸ್ಕೃತವಾದ ಆಕ್ಷೇಪಗಳು. ಎರಡನೆಯದು ಸ್ವಲ್ಪ ವಕ್ರವಾದ ಸಂಗತಿ: ಆ ಚೀನಾ ತಂಡದ ಮುಖ್ಯ ತರಬೇತುದಾರರು ಕೊರಿಯಾದ ಕಿಮ್ ಸನ್‌ಟೇ, ತರಬೇತಿ ಬಳಗದಲ್ಲಿದ್ದ ಇನ್ನೊಬ್ಬರು ವಿಕ್ಟರ್ ಆನ್. ಕೊರಿಯಾದ ಗರಡಿಯವರಲ್ಲದವರು ಗೆದ್ದ ಮೂರು ಚಿನ್ನಗಳಲ್ಲಿ ಕೊನೆಯದರ ಬೆನ್ನಿಗೂ ಅದೇ ಗರಡಿ ನಿಂತಿತ್ತು. ಆದರೆ ಪಿತೂರಿ ಇಲ್ಲ ಎಂದಮಾತ್ರಕ್ಕೆ ತೊಂದರೆ ಇಲ್ಲ ಎಂದಾಗುವುದಿಲ್ಲ. ಪ್ರೇಕ್ಷಕರ ಮುಂದೆ ಬಂದದ್ದು ತಪ್ಪಿನ ಹೆಸರು ಮಾತ್ರ: ಓಣಿ ಬದಲಿಸಿ ಮೈ ತಾಗಿಸಿದ್ದು, ತಡವಾಗಿ ಒಳನುಗ್ಗಿದ್ದು. ಅದೇ ಬಗೆಯ ಸ್ಪರ್ಶ ಒಮ್ಮೆ ಶಿಕ್ಷೆಯಾಗಿ ಇನ್ನೊಮ್ಮೆ ಯಾಕೆ ಆಗಲಿಲ್ಲ, ರೆನ್ ಅವರ ಕೈ ಯಾಕೆ ತೂಕಕ್ಕೆ ಬರಲಿಲ್ಲ ಎಂಬ ಹೋಲಿಕೆಯ ಕಾರಣಗಳು ಬರಲಿಲ್ಲ. ಬೀಳುವಿಕೆಯನ್ನು ಜನ ಕಣ್ಣಾರೆ ಕಾಣುತ್ತಾರೆ, ಒಪ್ಪಿಕೊಳ್ಳುತ್ತಾರೆ. 2010ರ ವ್ಯಾಂಕೂವರ್ 1500 ಮೀಟರ್‌ನಲ್ಲಿ ಕೊರಿಯಾದ ಮೂವರು ಮೊದಲ ಮೂರು ಸ್ಥಾನದಲ್ಲಿದ್ದಾಗ ಕೊನೆಯ ತಿರುವಿನಲ್ಲಿ ಲೀ ಹೊಸುಕ್ ತಮ್ಮದೇ ತಂಡದ ಸಂಗ್ ಸಿಬಾಕ್ ಅವರಿಗೆ ಡಿಕ್ಕಿ ಹೊಡೆದು ಇಬ್ಬರೂ ಗೋಡೆಗೆ ಬಡಿದರು. ಬೆಳ್ಳಿ, ಕಂಚು ಅಮೆರಿಕದ ಓನೊ ಮತ್ತು ಸೆಲ್ಸ್‌ಕಿ ಅವರ ಪಾಲಾದವು. ಕೊರಿಯನ್ನರು ಲೀ ಅವರನ್ನು ಬೈದರು; ಪದಕ ಕದ್ದರೆಂದು ಯಾರನ್ನೂ ದೂರಲಿಲ್ಲ. ಯಾಕೆಂದರೆ ಅಲ್ಲಿ ಕಾರಣ ಕಣ್ಣೆದುರಿತ್ತು.

ರೆಫರಿಗಳಿಗೆ ಕಾರಣ ಬರೆಯುವಷ್ಟು ಪುರುಸೊತ್ತು ಎಲ್ಲಿದೆ ಎಂದು ಕೇಳಬಹುದು; ಮುಂದಿನ ಓಟ ಕಾಯುತ್ತಿರುತ್ತದೆ. ನಿಜ. ಆದರೆ ಓಟದ ರಾತ್ರಿಯೇ ಬರೆಯಬೇಕೆಂದಿಲ್ಲ. ಕೂಟ ಮುಗಿದ ಮೇಲೆ ಪ್ರತಿ ಶಿಕ್ಷೆಗೂ ಚಿತ್ರದ ತುಣುಕಿನ ಜೊತೆ ನಾಲ್ಕು ಸಾಲಿನ ವಿವರಣೆ ಪ್ರಕಟಿಸಿದರೆ ಪದಕ ಬದಲಾಗದು; ಮುಂದಿನ ರೆಫರಿಗೂ ಮುಂದಿನ ಸ್ಕೇಟರಿಗೂ ಹಿಡಿದು ನಡೆಯಲು ಒಂದು ಗೆರೆ ಸಿಗುತ್ತದೆ. ಕ್ರಿಕೆಟ್ಟಿನಲ್ಲಿ ಚೆಂಡಿನ ಜಾಡನ್ನು ಪರದೆ ಮೇಲೆ ತೋರಿಸಿಯೇ ತೀರ್ಪು ಕೊಡುವುದನ್ನು ಕಂಡವರಿಗೆ ಇದು ಅತಿಯಾದ ಬೇಡಿಕೆ ಅನ್ನಿಸಲಾರದು. ಹೀಗೆ ಮಾಡಿದರೆ ತಪ್ಪು ತೀರ್ಪುಗಳು ಬಯಲಾಗಿ ಒಕ್ಕೂಟಕ್ಕೆ ಮುಜುಗರವಾದೀತು ಎಂಬ ಅಂಜಿಕೆ ಬೇರೆ ಮಾತು, ಅದಕ್ಕೆ ಮರುಕಪಡುವ ಅಗತ್ಯ ಕಾಣುವುದಿಲ್ಲ.

ಇದಕ್ಕೆ ಬದಲಾಗಿ ಒಕ್ಕೂಟ ಹೆಚ್ಚಾಗಿ ನೆಚ್ಚಿರುವುದು ಇನ್ನೊಂದು ಹಳೆಯ ಉಪಾಯವನ್ನು. ಬೇರೆಯವರ ತಪ್ಪಿನಿಂದ ಬಿದ್ದವರು ಆಗ ಅರ್ಹತೆಯ ಸ್ಥಾನದಲ್ಲಿದ್ದರೆ ರೆಫರಿ ಅವರನ್ನು ಮುಂದಿನ ಸುತ್ತಿಗೆ ಸೇರಿಸುತ್ತಾರೆ. ಕರುಣೆಯ ಏರ್ಪಾಡು, ಆದರೆ ಅದಕ್ಕೂ ಬೆಲೆ ಇದೆ. ಬೀಜಿಂಗ್‌ನಲ್ಲಿ 1000 ಮೀಟರ್ ವಿವಾದದ ಎರಡು ದಿನಗಳ ನಂತರ ನಡೆದ 1500 ಮೀಟರ್ ಫೈನಲ್‌ಗೆ ಹೀಗೆ ಸೇರುತ್ತ ಸೇರುತ್ತ ಬಂದು ನಿಂತವರು ಹತ್ತು ಮಂದಿ. 111 ಮೀಟರ್ ಸುತ್ತಿನಲ್ಲಿ ಹತ್ತು ಜನ ಎಂದರೆ ಡಿಕ್ಕಿಯ ಸಂತ್ರಸ್ತರಿಗೆ ನ್ಯಾಯ ಕೊಡಲು ಹೋಗಿ ಇನ್ನಷ್ಟು ಡಿಕ್ಕಿಗೆ ಸಂದಣಿ ಕೂಡಿಸಿದಂತೆ. ಆ ಸಂದಣಿಯಲ್ಲಿ ಹ್ವಾಂಗ್ ಡೇಹೊನ್ ಮಾಡಿದ ಆಯ್ಕೆ ಗಮನಿಸಬೇಕಾದದ್ದು. ಬಲ ಉಳಿಸಿಕೊಳ್ಳಲು ಹಿಂದೆ ಉಳಿದು ಕೊನೆಯಲ್ಲಿ ನುಗ್ಗುವುದು ದೂರದ ಓಟಗಳ ವಾಡಿಕೆ. ಅವರು ಒಂಬತ್ತು ಸುತ್ತು ಬಾಕಿ ಇರುವಾಗಲೇ ಮುಂದಕ್ಕೆ ಬಂದರು, ಕೊನೆಯವರೆಗೂ ಆ ಜಾಗ ಬಿಡಲಿಲ್ಲ, ಚಿನ್ನ ಗೆದ್ದರು. ಗಾಳಿಯ ಎದುರು ಒಂಬತ್ತು ಸುತ್ತು ದಣಿಯುವುದು ದೊಡ್ಡ ವೆಚ್ಚ. ಬ್ರಾಡ್ಬರಿ ಎಲ್ಲರಿಗಿಂತ ಹಿಂದೆ ನಿಂತು ತಪ್ಪಿಸಿಕೊಂಡದ್ದು ಬೇರೆಯವರ ಅಲಗುಗಳಿಂದ. ಹ್ವಾಂಗ್ ಎಲ್ಲರಿಗಿಂತ ಮುಂದೆ ನಿಂತು ತಪ್ಪಿಸಿಕೊಂಡದ್ದು ರೆಫರಿಗಳ ಕಣ್ಣಿನಿಂದ. ಯಾರನ್ನೂ ಹಿಂದಿಕ್ಕದವರನ್ನು ಅಕ್ರಮವಾಗಿ ಹಿಂದಿಕ್ಕಿದರೆಂದು ಶಿಕ್ಷಿಸಲಾಗುವುದಿಲ್ಲ. ಆದರೆ ಎಲ್ಲ ಸ್ಕೇಟರುಗಳೂ ಇದೇ ಪಾಠ ಕಲಿತು, ಹಿಂದಿಕ್ಕುವ ಧೈರ್ಯವನ್ನೇ ಬಿಟ್ಟು ಮೊದಲ ಸುತ್ತಿನಲ್ಲೇ ಮುಂದಿನ ಜಾಗಕ್ಕೆ ಕಚ್ಚಾಡತೊಡಗಿದರೆ, ಆನ್ ಹ್ಯುನ್‌ಸೂ ಹೊರಗಿನಿಂದ ಒಬ್ಬೊಬ್ಬರನ್ನೇ ದಾಟುತ್ತ ಬರುತ್ತಿದ್ದಂಥ ಓಟಗಳು ಮುಂದಿನ ಪೀಳಿಗೆಗೆ ನೋಡಲು ಸಿಗುವುದಿಲ್ಲ.